ಅಕ್ಕನ ಮೈಗೆ ರಕ್ತ ಬಂದದ್ದು

ನನ್ನ ಅಕ್ಕನಿಗೆ ಒಂದು ಮಗು ಬೇಕಿತ್ತು. ಊರಲ್ಲಿ ಎರಡು ಖೋಲಿಯ ಮನೆ ಕಟ್ಟಿಸುವ ಆಸೆ ಭಾವನದು, ಹೊಲಿಗೆ ಬಿಟ್ಟು ಟೀಚರ್ ಆಗುವ ಆಸೆ ನನ್ನದು. ಅವಳದು ಇದೊಂದೇ. ಎರಡು ಸಲ ಬಸುರಾಗಿದ್ದಳು, ಎರಡು ಸಲವೂ ಹೊಟ್ಟೆ ಕಾಣುವ ಮೊದಲೇ ಹೋಗಿಬಿಟ್ಟಿತ್ತು. ಮೂರನೆಯ ಸಲ ನಿಂತಾಗ ಅವಳನ್ನು ಪೀಣ್ಯದ ಒಂದು ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆ. ಅಲ್ಲಿಯ ಡಾಕ್ಟರಮ್ಮ ಅಕ್ಕನ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು, ಉಗುರು ನೋಡಿದರು, ನಾಲಿಗೆ ನೋಡಿದರು.

"ಮೈಯಲ್ಲಿ ರಕ್ತಾನೇ ಇಲ್ವಲ್ಲಮ್ಮ. ಹೋದ ಎರಡೂ ಇದಕ್ಕೇ ಹೋಗಿರ್ಬಹುದು. ಮಾತ್ರೆ ಬರೆದುಕೊಡ್ತೀನಿ, ಆದ್ರೆ ಚೆನ್ನಾಗಿ ಊಟ ಮಾಡ್ಬೇಕು. ಸೊಪ್ಪು, ಕಾಳು, ಹಾಲು, ಹಣ್ಣು, ಆಗೋದಾದ್ರೆ ಮೊಟ್ಟೆ. ಹೊತ್ತೊತ್ತಿಗೆ ತಿನ್ನಿ. ಮಗು ಉಳಿಯುತ್ತೆ" ಅಂದರು.

ಅಕ್ಕ ಹೊರಗೆ ಬಂದವಳೇ ನನ್ನ ಕೈ ಗಟ್ಟಿಯಾಗಿ ಹಿಡಿದಳು. "ಕೇಳಿದೆಲ್ಲ? ಉಂಡ್ರ ಉಳೀತೈತಂತ. ಇಷ್ಟ ಐತಿ ನೋಡು ಅದಕ್ಕ. ಉಂಡ್ರ ಆತು!" ಅಂದಳು. ಅವಳ ಮುಖದಲ್ಲಿ ಅಷ್ಟು ನಗು ನಾನು ಮದುವೆಯ ದಿನವೂ ಕಂಡಿರಲಿಲ್ಲ. ಉಣ್ಣುವುದು ಅಂಥ ದೊಡ್ಡ ಕೆಲಸವೇ ಅಂದುಕೊಂಡೆವು ಇಬ್ಬರೂ.

ಅಯ್ಯೋ ನಮ್ಮ ಬುದ್ಧಿಗಿಷ್ಟು! "ಊಟ ಬಲ್ಲವನಿಗೆ ರೋಗವಿಲ್ಲ" ಅನ್ನುತ್ತಾರೆ. ಈ ಗಾದೆ ಕೇಳಿದರೆ ನನಗೆ ಈಗಲೂ ಮೈ ಉರಿಯುತ್ತದೆ. ಊಟ ನಮಗೆ ಗೊತ್ತಿರಲಿಲ್ಲವೇ? ಕೊಪ್ಪಳದ ಕಡೆಯವರು ನಾವು. ಹೊಲದಲ್ಲಿ ಕೂಲಿ ಮಾಡುವ ಮನೆಯಾದರೂ ತಾಟಿನಲ್ಲಿ ಏನು ಇರಬೇಕೋ ಅದು ಇರುತ್ತಿತ್ತು. ಬಿಸಿ ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ ಇಲ್ಲವೇ ಮಡಿಕೆಕಾಳಿನ ಪಲ್ಯ, ಮೆಂತ್ಯದ ಎಳೆಸೊಪ್ಪು ಹಸಿಯದೇ, ಗುರೆಳ್ಳು ಚಟ್ನಿ, ಒಂದು ಉಳ್ಳಾಗಡ್ಡಿ, ಮೊಸರೋ ಮಜ್ಜಿಗೆಯೋ. ಇದನ್ನು ಸಮತೋಲನ ಆಹಾರ ಅನ್ನುತ್ತಾರೆಂದು ನಮಗೆ ಯಾರೂ ಹೇಳಿರಲಿಲ್ಲ. ಬುತ್ತಿ ಅನ್ನುತ್ತಿದ್ದೆವು.

ಎರಡು ಸಾವಿರದ ಹತ್ತರ ಆಚೀಚೆಯ ಮಾತು ಇದು. ನಾವು ಮೂವರು, ಅಕ್ಕ, ಭಾವ, ನಾನು, ರಾಜಗೋಪಾಲನಗರದಲ್ಲಿ ಒಂದೇ ಕೋಣೆಯಲ್ಲಿದ್ದೆವು. ಸಾಲಾಗಿ ಎಂಟೋ ಹತ್ತೋ ಕೋಣೆ, ಮೇಲೆ ಮಾಲೀಕರ ಮನೆ. ಭಾವ ಕಬ್ಬಿಣದ ಸಾಮಾನಿಗೆ ಬಣ್ಣದ ಪುಡಿ ಹಚ್ಚಿ ಬೇಯಿಸುವ ಒಂದು ಫ್ಯಾಕ್ಟರಿಯಲ್ಲಿದ್ದ. ಸಂಜೆ ಮನೆಗೆ ಬಂದರೆ ಕಿವಿಯೊಳಗೂ ನೀಲಿಯೋ ಹಳದಿಯೋ ಇರುತ್ತಿತ್ತು. ನಾವಿಬ್ಬರೂ ಪೀಣ್ಯದ ಒಂದು ಗಾರ್ಮೆಂಟ್ಸಿನಲ್ಲಿ, ಒಂದೇ ಲೈನಿನಲ್ಲಿ. ಅಕ್ಕ ಕಾಲರ್ ಹೊಲಿಯುತ್ತಿದ್ದಳು, ನಾನು ತೋಳಿನ ಪಟ್ಟಿ.

ಬಂದ ಹೊಸದರಲ್ಲಿ ರೊಟ್ಟಿಯನ್ನೇ ಮಾಡುತ್ತಿದ್ದೆವು. ಫ್ಯಾಕ್ಟರಿ ಬಸ್ಸು ಹಿಡಿಯಬೇಕೆಂದರೆ ಕತ್ತಲಿರುವಾಗಲೇ ಎದ್ದು ಬಡಿಯಬೇಕು. ರೊಟ್ಟಿ ಬಡಿಯುವ ಸದ್ದು ಕೇಳದವರಿಗೆ ಹೇಳಬೇಕು: ಅದು ಸುಮ್ಮನೆ ಆಗುವ ಕೆಲಸವಲ್ಲ. ಅಂಗೈ ಬಿದ್ದಂತೆಲ್ಲ ಹಿಟ್ಟಿನ ಕೆಳಗಿನ ಮರದ ಕೊಣಮಿಗೆ ದಬ್ ದಬ್ ಅನ್ನುತ್ತದೆ. ನಮ್ಮೂರಲ್ಲಿ ಆ ಸದ್ದಿಗೇ ಮಕ್ಕಳು ಏಳುವುದು. ಇಲ್ಲಿ ಎದ್ದವರು ಮಾಲೀಕರ ಹೆಂಡತಿ. ನೆಲಮಂಗಲದ ಕಡೆಯ ದೊಡ್ಡ ಹೆಂಗಸು, ದೊಡ್ಡ ಗಂಟಲು. ಮೂರನೆಯ ದಿನವೋ ನಾಲ್ಕನೆಯ ದಿನವೋ ಬಾಗಿಲಿಗೇ ಬಂದು ನಿಂತರು.

"ಏನವ್ವಾ ಇದು, ಕೋಳಿ ಕೂಗಕ್ ಮುಂಚೇನೆ ದಬದಬ ದಬದಬ! ಮನೇಲಿ ಬಿಪಿ ಇರೋರವ್ರೆ. ಇಂಗೆ ಮಾಡುದ್ರೆ ಎಂಗವ್ವಾ? ಅನ್ನ ಮಾಡ್ಕಳಿ, ಎಲ್ರೂ ಮಾಡ್ಕಳಲ್ವಾ!"

ನಾನು ಬಾಯಿ ತೆರೆದಿದ್ದೆ. ಅಕ್ಕ ನನ್ನ ಸೆರಗು ಜಗ್ಗಿ, "ಆಯ್ತ್ರಿ ಅಮ್ಮಾರ, ನಾಳಿಂದ ಬಡಿಯೂದಿಲ್ರಿ" ಅಂದಳು. ಅವತ್ತಿಗೆ ರೊಟ್ಟಿ ನಿಂತಿತು. ರೊಟ್ಟಿ ನಿಂತ ಮೇಲೆ ಅದಕ್ಕೆ ಜೊತೆಯಾಗಿ ಬರುವ ಕಾಳು, ಚಟ್ನಿ, ಹಸಿಸೊಪ್ಪು ಎಲ್ಲ ತಾವಾಗಿಯೇ ನಿಂತವು. ಕುಕ್ಕರಿನಲ್ಲಿ ಅನ್ನ, ನೀರಿನಂಥ ಟೊಮೆಟೊ ಸಾರು. ಬೆಳಗ್ಗೆ ಅದೇ, ಮಧ್ಯಾಹ್ನದ ಡಬ್ಬಿಗೆ ಅದೇ ಅನ್ನ ಹಳದಿಯಾಗಿ ಚಿತ್ರಾನ್ನ, ರಾತ್ರಿ ಉಳಿದದ್ದು. ಹೊಟ್ಟೆ ತುಂಬುತ್ತಿತ್ತು, ಇಲ್ಲವೆನ್ನುವುದಿಲ್ಲ. ಆದರೆ ನಾಲ್ಕು ವರ್ಷದಲ್ಲಿ ಅಕ್ಕನ ಮುಖ ಅನ್ನದ ಬಣ್ಣಕ್ಕೇ ತಿರುಗಿತ್ತು. "ಬೆಂಗಳೂರ ನೀರು, ಬೆಳ್ಳಗಾಗ್ಯಾಳ" ಎಂದು ಊರಲ್ಲಿ ಹೊಗಳುತ್ತಿದ್ದರು.

ಡಾಕ್ಟರಮ್ಮ ಹೇಳಿದ್ದನ್ನು ಅಕ್ಕ ಮಂತ್ರದಂತೆ ಹಿಡಿದಳು. ಸಂಜೆ ಬಸ್ಸಿಳಿದು ತಳ್ಳುಗಾಡಿಯಲ್ಲಿ ಸೊಪ್ಪು ಕೊಂಡಳು, ಗಜ್ಜರಿ ಕೊಂಡಳು, ಹೆಸರುಕಾಳು ನೆನೆಹಾಕಿದಳು. ಡಬ್ಬಿ ಎರಡು ಅಂತಸ್ತಿನದಾಯಿತು. ಆದರೆ ಆ ಡಬ್ಬಿ ಅರ್ಧ ತುಂಬಿಕೊಂಡೇ ವಾಪಸ್ ಬರುತ್ತಿತ್ತು.

"ಯಾಕ, ಸೇರಲಿಲ್ಲೇನು?" ಎಂದು ನಾನು ರೇಗಿದರೆ, "ಸೇರತೈತಿ, ಹೊತ್ತ ಸಾಲೂದಿಲ್ಲ" ಅನ್ನುತ್ತಿದ್ದಳು.

ಸುಳ್ಳಲ್ಲ. ಊಟಕ್ಕೆ ಅರ್ಧ ಗಂಟೆ. ಅದರಲ್ಲಿ ಲೈನು ಬಿಟ್ಟು ಇಳಿಯುವುದು, ಕೈ ತೊಳೆಯುವ ನಲ್ಲಿಗೆ ನೂರಾರು ಜನರ ಸಾಲು, ಕೂರಲು ಜಾಗ ಹುಡುಕುವುದು, ಮತ್ತೆ ಹತ್ತಿ ಹೋಗುವುದು. ಅನ್ನವಾದರೆ ಗಬಗಬ ನುಂಗಬಹುದು. ಹಸಿ ಗಜ್ಜರಿ, ಕಾಳು, ಸೊಪ್ಪು ಇವೆಲ್ಲ ಅಗಿಯುವ ವಸ್ತುಗಳು. ಅಗಿಯಲು ಪುರುಸೊತ್ತು ಬೇಕು. ಪೀಣ್ಯದಲ್ಲಿ ನಾವೆಲ್ಲ ಅನ್ನ ತಿನ್ನುತ್ತಿದ್ದದ್ದು ಅಕ್ಕಿ ಇಷ್ಟವೆಂದಲ್ಲ, ಅದಕ್ಕೆ ಹಲ್ಲು ಬೇಡ ಎಂದು.

ನೀರಿನದು ಇನ್ನೊಂದು ಕಥೆ. ಲೈನಿಗೊಂದು ಟೋಕನ್ ಇತ್ತು. ಅದು ಕೈಗೆ ಬಂದರೆ ಮಾತ್ರ ಎದ್ದು ಟಾಯ್ಲೆಟ್ಟಿಗೆ ಹೋಗಬಹುದು. ಎದ್ದವಳ ಮಿಷನ್ನಿನ ಮುಂದೆ ಪೀಸು ಗುಡ್ಡೆಯಾದರೆ ಸೂಪರ್‌ವೈಸರ್ ಶುರು ಮಾಡುತ್ತಿದ್ದ: "ಏನಮ್ಮಾ, ಆಗ್ಲೇ ಹೋಗ್ಬಂದ್ಯಲ್ಲ? ಮನೇಲಿ ಮುಗಿಸ್ಕೊಂಡ್ ಬರೋಕಾಗಲ್ವಾ?" ಗಂಡಸಿನ ಬಾಯಲ್ಲಿ ಅದನ್ನು ಕೇಳಿಸಿಕೊಳ್ಳುವುದಕ್ಕಿಂತ ಒಣಗಿ ಕೂರುವುದು ಮೇಲು ಎಂದು ನಾವೆಲ್ಲ ನೀರು ಬಿಟ್ಟಿದ್ದೆವು. ಬಾಟಲಿ ತರುತ್ತಿದ್ದೆವು, ತುಂಬಿದ್ದನ್ನು ತುಂಬಿದಂತೆಯೇ ಒಯ್ಯುತ್ತಿದ್ದೆವು. ಬಸುರಿಯೂ ಅಷ್ಟೇ.

ಆಗಲೇ ಆ ಭಾಷಣ ಆದದ್ದು. ನೆನೆಸಿಕೊಂಡರೆ ನಗು ಬರುತ್ತದೆ, ನಗುವಿನ ಹಿಂದೆಯೇ ಸಿಟ್ಟು. ಒಂದು ಮಧ್ಯಾಹ್ನ ಊಟದ ಗಂಟೆ ಹೊಡೆದ ತಕ್ಷಣ ಮೈಕಿನಲ್ಲಿ ಹೇಳಿದರು: ಎಲ್ಲರೂ ಕ್ಯಾಂಟೀನಿನಲ್ಲಿ ಕೂತ್ಕೊಳ್ಳಿ, ಯಾರೂ ಡಬ್ಬಿ ತೆಗೀಬೇಡಿ, ಹೊರಗಡೆಯಿಂದ ಮೇಡಂ ಬಂದಿದ್ದಾರೆ. ಆ ಮೇಡಂ ಒಳ್ಳೆಯವರೇ. ಮುಂದೆ ಒಂದು ದೊಡ್ಡ ಚಿತ್ರಪಟ ತೂಗುಹಾಕಿದರು. ಗುಂಡನೆಯ ತಟ್ಟೆ, ಅದರಲ್ಲಿ ಅರ್ಧ ತರಕಾರಿ, ಹಣ್ಣು, ಸೊಪ್ಪು, ಉಳಿದರ್ಧದಲ್ಲಿ ಒಂದು ಪಾಲು ಧಾನ್ಯ, ಒಂದು ಪಾಲು ಬೇಳೆಕಾಳು, ಪಕ್ಕದಲ್ಲಿ ಒಂದು ಲೋಟ ಹಾಲು. ಹೀಗೆ ತಿಂದರೆ ಸುಸ್ತು ಕಡಿಮೆಯಾಗುತ್ತದೆ, ರಕ್ತ ಹೆಚ್ಚುತ್ತದೆ, ಮೂಳೆ ಗಟ್ಟಿಯಾಗುತ್ತದೆ, ಶೀತ ಜ್ವರ ಹತ್ತಿರ ಸುಳಿಯುವುದಿಲ್ಲ, ಬಸುರಿಯಾದರೆ ಮಗು ತೂಕವಾಗಿ ಹುಟ್ಟುತ್ತದೆ. ನಿಧಾನವಾಗಿ, ಚೆನ್ನಾಗಿ ಅಗಿದು ತಿನ್ನಬೇಕು. ದಿನಕ್ಕೆ ಧಾರಾಳವಾಗಿ ನೀರು ಕುಡಿಯಬೇಕು.

ಕೊನೆಗೆ, "ಯಾರಿಗಾದ್ರೂ ಏನಾದ್ರೂ ಡೌಟ್ ಇದ್ರೆ ಕೇಳಿ" ಅಂದರು.

ಹಿಂದಿನ ಸಾಲಿನಿಂದ ಒಬ್ಬಳು, "ಮೇಡಂ, ಈಗ್ಲಾದ್ರೂ ಉಣ್ಬೋದಾ?" ಅಂದಳು.

ಕ್ಯಾಂಟೀನು ಕ್ಯಾಂಟೀನೇ ನಕ್ಕಿತು. ಮೇಡಂ ಕೂಡ ಪಾಪ, ಗಡಿಯಾರ ನೋಡಿ ಮುಖ ಸಣ್ಣ ಮಾಡಿಕೊಂಡರು. ಡಬ್ಬಿ ತೆರೆದು ನಾಲ್ಕು ತುತ್ತು ನುಂಗುವಷ್ಟರಲ್ಲಿ ಮತ್ತೆ ಗಂಟೆ ಹೊಡೆಯಿತು. ಸಮತೋಲನ ಆಹಾರದ ಭಾಷಣ ಕೇಳಿದ ದಿನ ನಮ್ಮ ಫ್ಲೋರಿನವರೆಲ್ಲ ಅರೆಹೊಟ್ಟೆ. ನಗದೆ ಇದ್ದವಳು ಅಕ್ಕ ಒಬ್ಬಳೇ. ಅವಳು ಆ ತಟ್ಟೆಯ ಚಿತ್ರವನ್ನೇ ನೋಡುತ್ತ ತುಟಿ ಅಲ್ಲಾಡಿಸುತ್ತಿದ್ದಳು. ಬಾಯಿಪಾಠ ಮಾಡುತ್ತಿದ್ದಳು.

ಭಾಷಣವಾದ ಮೇಲೆ ಫ್ಯಾಕ್ಟರಿಯ ನರ್ಸು ಎಲ್ಲರಿಗೂ ಕಬ್ಬಿಣದ ಅಂಶದ ಮಾತ್ರೆ ಹಂಚಲು ಶುರು ಮಾಡಿದರು. ನಮ್ಮ ಕೈ ನಿಲ್ಲುವುದು ಯಾವಾಗ? ಟೀ ಹೊತ್ತಿನಲ್ಲಿ. ಟೀ ಕ್ಯಾನು ಲೈನಿಗೇ ಬರುತ್ತಿತ್ತು. ಅದರ ಹಿಂದೆಯೇ ಮಾತ್ರೆಯ ಡಬ್ಬ ಹಿಡಿದು ನರ್ಸು. ಒಂದು ಕೈಗೆ ಲೋಟ, ಒಂದು ಕೈಗೆ ಮಾತ್ರೆ. ಮಾತ್ರೆ ಬಾಯಿಗೆ ಹಾಕುವುದು, ಬಿಸಿ ಟೀ ಹೊಯ್ದುಕೊಳ್ಳುವುದು. ನೀರು ಕುಡಿದರೆ ಟೋಕನ್ನಿಗೆ ಕಾಯಬೇಕು. ಟೀ ಅಂತೂ ಕುಡಿಯಲೇಬೇಕು, ಇಲ್ಲದಿದ್ದರೆ ಕಣ್ಣು ಎಳೆಯುತ್ತದೆ. ಮಾತ್ರೆಯ ಕಮಟು ವಾಸನೆಯೂ ಟೀಯಲ್ಲಿ ಹೋಗಿಬಿಡುತ್ತಿತ್ತು. ಎಂಥ ಅನುಕೂಲ ನೋಡಿ! ನಮ್ಮ ಲೈನು, ಪಕ್ಕದ ಲೈನು, ಕೆಳಗಿನ ಫ್ಲೋರು, ಎಲ್ಲ ಹೆಂಗಸರೂ ಹೀಗೇ ನುಂಗಿದೆವು. ಕ್ಲಿನಿಕ್ಕಿನ ಡಾಕ್ಟರಮ್ಮ ಬರೆದುಕೊಟ್ಟಿದ್ದ ಮಾತ್ರೆಯನ್ನೂ ಅಕ್ಕ ಬೆಳಗಿನ ಟೀಯಲ್ಲಿ ತೆಗೆದುಕೊಳ್ಳುತ್ತಿದ್ದಳು, ಮರೆಯಬಾರದೆಂದು. ನುಂಗುವ ಮುಂಚೆ ಅದನ್ನು ಪ್ರಸಾದದಂತೆ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದಳು.

ಮೂರು ತಿಂಗಳು ದಾಟಿತು. ಹೋಗಲಿಲ್ಲ. ನಾಲ್ಕು ದಾಟಿತು. ಅಕ್ಕ ಗೆದ್ದೆ ಅಂದುಕೊಂಡಳು. "ಗುಳಿಗಿ ಕೆಲಸ ಮಾಡಾಕತ್ತಾವ" ಎಂದು ಭಾವನಿಗೆ ಹೇಳಿದಳು. ಭಾವ ಮಾತು ಕಡಿಮೆಯ ಮನುಷ್ಯ. ಅವನು ಸಂಜೆ ಬರುವಾಗ ದಿನಕ್ಕೊಂದು ಹಣ್ಣು ತರತೊಡಗಿದ. ಕೈ ತೊಳೆದು ತೊಳೆದು ಬಣ್ಣ ಹೋಗಿದೆಯೇ ಎಂದು ನೋಡಿಕೊಂಡು ಕೊಡುತ್ತಿದ್ದ.

ಐದನೆಯ ತಿಂಗಳಿನಲ್ಲಿ ಅಕ್ಕ ಸೀಮೆಸುಣ್ಣ ತಿನ್ನತೊಡಗಿದಳು. ಬಟ್ಟೆಯ ಮೇಲೆ ಗುರುತು ಹಾಕುವ ಬಿಳಿ ಚಾಕ್‌ಪೀಸು. ಹೊಲಿಯುತ್ತ ಹೊಲಿಯುತ್ತ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಮನೆಯಲ್ಲಿ ಹಸಿ ಅಕ್ಕಿ. ಲೈನಿನ ಹೆಂಗಸರು ಕಂಡು ಹಿಡಿದು, "ಅಯ್ಯೋ, ಬಯಕೆ ಕಣ್ರೀ! ನಮ್ಮತ್ತೆ ಮಣ್ಣು ತಿಂತಿದ್ರಂತೆ. ಗಂಡೇ ಆಗೋದು ನೋಡಿ" ಎಂದು ಚುಡಾಯಿಸಿದರು. ಸೂಪರ್‌ವೈಸರ್ ಕೂಡ, "ನಿಮ್ಮಕ್ಕಂಗೆ ದಿನಾ ಒಂದು ಚಾಕ್ ಎಕ್ಸ್‌ಟ್ರಾ ಇಶ್ಯೂ ಮಾಡ್ಬೇಕಲ್ಲಮ್ಮ" ಎಂದು ನಕ್ಕ. ಬಯಕೆ ಅಂದರೆ ಮಗು ಬೇಡುತ್ತಿದೆ ಎಂದಲ್ಲವೇ ನಮ್ಮ ಲೆಕ್ಕ? ಅಕ್ಕ ನಾಚಿಕೊಂಡು ಇನ್ನೊಂದು ಚೂರು ಮುರಿದಳು.

ಹೊಟ್ಟೆ ಕಾಣಿಸಿದ ಮೇಲೆ ಮಾಲೀಕರ ಹೆಂಡತಿಯೂ ಕರಗಿದರು. ಅವರು ಕೆಟ್ಟವರಲ್ಲ. ಒಂದು ಭಾನುವಾರ ಬೇಯಿಸಿದ ಮೊಟ್ಟೆ ತಂದರು. ನಮ್ಮ ಮನೆಯವರು ಲಿಂಗ ಕಟ್ಟಿಕೊಂಡವರು, ತತ್ತಿ ಮುಟ್ಟುವುದಿಲ್ಲ. ಅಕ್ಕ ಅದನ್ನು ಬಹಳ ಹೊತ್ತು ನೋಡಿದಳು, ಆಮೇಲೆ ನನ್ನನ್ನು ನೋಡಿ, "ಕೂಸಿನ ಸಲುವಾಗಿ ತಿಂದ್ರ ಪಾಪ ಬರೂದಿಲ್ಲಲ್ಲ?" ಅಂದಳು. ಮೂಗು ಮುಚ್ಚಿ ಒಂದು ತುಣುಕು ಬಾಯಿಗಿಟ್ಟಳು, ಹೊರಗೆ ಓಡಿದಳು. ಮರುದಿನ ಆ ಹೆಂಗಸು ಮುದ್ದೆ ಸೊಪ್ಪಿನ ಸಾರು ತಂದರು. "ರಾಗಿ ತಿಂದೋನು ನಿರೋಗಿ ಅಂತಾರೆ, ತಿನ್ನವ್ವ." ಅಕ್ಕ ಮುದ್ದೆಯನ್ನು ರೊಟ್ಟಿಯಂತೆ ಅಗಿಯಲು ಹೋಗಿ ಅದು ಹಲ್ಲಿಗೆಲ್ಲ ಮೆತ್ತಿಕೊಂಡು ಒದ್ದಾಡಿದಳು. "ಅಯ್ಯೋ ಶಿವ್ನೇ, ಅಗೀಬ್ಯಾಡ ಕಣವ್ವ, ಸಾರಲ್ಲಿ ಅದ್ದಿ ನುಂಗು! ಯಾವೂರವ್ವ ನಿಂದು!" ಎಂದು ಅವರು ನಕ್ಕರೆ, ಇವಳು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆ ಕೋಣೆಯಲ್ಲಿ ನಾವು ಮನಸಾರೆ ನಕ್ಕದ್ದು ಅದೇ ಕೊನೆ. ಹೋಗುವಾಗ ಅವರು ಬಾಗಿಲಲ್ಲಿ ನಿಂತು, "ರೊಟ್ಟಿ ಬೇಕಾದ್ರೆ ಬಡ್ಕಳ್ರವ್ವ, ಯಾವೊತ್ತಾದ್ರೂ ಬಡ್ಕಳಿ. ನಾ ಏನೂ ಅನ್ನಕಿಲ್ಲ" ಅಂದರು. ಆದರೆ ಬಡಿಯುವ ಶಕ್ತಿ ಅಕ್ಕನಿಗೆಲ್ಲಿತ್ತು? ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತಿತ್ತು. ಪಾದ ಊದಿ ಚಪ್ಪಲಿ ಹಿಡಿಸುತ್ತಿರಲಿಲ್ಲ.

ಆರು ತುಂಬಿದಾಗ ಮತ್ತೆ ರಕ್ತಪರೀಕ್ಷೆ ಮಾಡಿಸಿದೆವು. ಡಾಕ್ಟರಮ್ಮ ರಿಪೋರ್ಟು ನೋಡಿ ಹುಬ್ಬು ಗಂಟಿಕ್ಕಿದರು. ರಕ್ತ ಏರಿರಲಿಲ್ಲ. ಮೊದಲಿಗಿಂತ ಇಳಿದಿತ್ತು.

"ಮಾತ್ರೆ ತಗೊಳ್ತಿಲ್ಲ ನೀವು. ಸುಳ್ಳು ಹೇಳ್ಬೇಡಿ ನನ್ನ ಹತ್ರ" ಅಂದರು.

ಅಕ್ಕ ಅತ್ತುಬಿಟ್ಟಳು. "ನಮ್ಮಪ್ಪನಾಣಿ ಒಂದೂ ಬಿಟ್ಟಿಲ್ರಿ ಮೇಡಂ. ಮನ್ಯಾಗಿಂದೂ ತಗೊಂಡೀನಿ, ಫ್ಯಾಕ್ಟರ್ಯಾಗಿಂದೂ ತಗೊಂಡೀನಿ. ಬೇಕಾದ್ರ ತಂಗೀನ ಕೇಳ್ರಿ."

"ಯಾವಾಗ ತಗೊಳ್ತೀರಾ?"

"ಚಾ ಕುಡಿಯೂ ಮುಂದ್ರಿ. ಚಾದಾಗ ನುಂಗತೀನ್ರಿ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ಆಮೇಲೆ ಮೆಲ್ಲಗೆ, "ಟೀ ಜೊತೆ ತಗೊಂಡ್ರೆ ಈ ಮಾತ್ರೆ ಮೈಗೆ ಸರಿಯಾಗಿ ಹತ್ತಲ್ಲಮ್ಮ. ಟೀನೇ ಅದನ್ನ ಹಿಡಿದುಬಿಡುತ್ತೆ. ಮಾತ್ರೆಗೂ ಟೀಗೂ ಮಧ್ಯೆ ಒಂದೆರಡು ಗಂಟೆ ಬಿಡ್ಬೇಕು. ನಿಂಬೆಹಣ್ಣಿನ ನೀರಲ್ಲಿ ತಗೋಬೇಕು. ಯಾರೂ ಹೇಳ್ಲಿಲ್ವಾ?" ಅಂದರು. ಸೀಮೆಸುಣ್ಣದ ಮಾತು ಬಂದಾಗ, ಅದು ಬಯಕೆಯಲ್ಲ, ರಕ್ತ ಕಡಿಮೆಯಾದವರಿಗೆ ಹಾಗೆ ಸುಣ್ಣ, ಮಣ್ಣು, ಅಕ್ಕಿ ತಿನ್ನುವ ಚಟ ಬರುತ್ತದೆ ಅಂದರು.

ದಾರಿಯಲ್ಲಿ ಅಕ್ಕ ಒಂದೇ ಮಾತು ಕೇಳುತ್ತ ಬಂದಳು. "ಅಂದ್ರ ಇಷ್ಟು ದಿನ ತಗೊಂಡದ್ದು ಎಲ್ಲಿ ಹೋತು?" ನಾನು ಯಾರನ್ನು ಬೈಯಬೇಕು ಎಂದು ಹುಡುಕುತ್ತಿದ್ದೆ. ನರ್ಸಮ್ಮನನ್ನೇ? ಅವರು ಪುಣ್ಯ ಮಾಡುತ್ತಿದ್ದೇನೆ ಎಂದುಕೊಂಡಿದ್ದರು. ಸೂಪರ್‌ವೈಸರನನ್ನೇ? ಅವನ ತಲೆಯ ಮೇಲೆ ಇನ್ನೊಬ್ಬ ನಿಂತಿದ್ದ. ಬೈಯಲು ಒಬ್ಬ ಮನುಷ್ಯ ಸಿಕ್ಕಿದ್ದರೆ ನನ್ನ ಸಂಕಟ ಅರ್ಧ ಇಳಿಯುತ್ತಿತ್ತು. ಮರುದಿನ ಟೀ ಹೊತ್ತಿನಲ್ಲಿ ಎದ್ದು ನಿಂತು ಲೈನಿಗೆಲ್ಲ ಕೂಗಿ ಹೇಳಿದೆ, ಟೀಯಲ್ಲಿ ನುಂಗಬೇಡಿ ಎಂದು. ಕೆಲವರು ಮಾತ್ರೆಯನ್ನು ಸೆರಗಿನ ತುದಿಗೆ ಕಟ್ಟಿಕೊಂಡರು. ಕೆಲವರು, "ಹಂಗಂದ್ರೆ ಯಾವಾಗ ನುಂಗೋದು, ನೀನೇ ಹೇಳು" ಎಂದು ನನ್ನನ್ನೇ ಕೇಳಿದರು.

ಅಕ್ಕನನ್ನು ಕೆಲಸ ಬಿಡಿಸಿದೆವು. ಊರಿನಿಂದ ಅವ್ವ ಬಂದಳು. ಜೋಳದ ಹಿಟ್ಟು, ಸಜ್ಜೆ ಹಿಟ್ಟು, ಗುರೆಳ್ಳು, ಶೇಂಗಾ, ಬೆಲ್ಲ ಎಲ್ಲ ಗಂಟು ಕಟ್ಟಿ ತಂದಿದ್ದಳು. ಮಗಳ ಮುಖ ನೋಡಿದವಳೇ ಗಂಟನ್ನು ಬಾಗಿಲಲ್ಲೇ ಇಳಿಸಿ ಕೂತುಬಿಟ್ಟಳು. "ಯವ್ವಾ, ನೀ ಏನ್ ಉಣ್ಣಾಕತ್ತಿದ್ದಿ ಇಲ್ಲೆ?" ಎಂದು ಕೇಳಿದಳು. ಅಕ್ಕ ಸುಮ್ಮನೆ ನಕ್ಕಳು.

ಏಳು ತಿಂಗಳಿಗೆ ಕುಬಸ ಮಾಡಿದೆವು. ಊರಲ್ಲಾದರೆ ಓಣಿಯೆಲ್ಲ ಸೇರುತ್ತದೆ. ಇಲ್ಲಿ ಸಾಲು ಕೋಣೆಗಳ ಹೆಂಗಸರು, ಲೈನಿನ ನಾಲ್ಕೈದು ಜನ, ಮಾಲೀಕರ ಹೆಂಡತಿ. ಅಕ್ಕನಿಗೆ ಹಸಿರು ಸೀರೆ ಉಡಿಸಿ, ಕೈತುಂಬ ಹಸಿರು ಬಳೆ ಇಡಿಸಿ, ನಡುವೆ ಕೂರಿಸಿದೆವು. ಬಸುರಿಯ ಮುಂದೆ ಬುತ್ತಿ ಬಿಚ್ಚಿ ಎಲ್ಲರೂ ತುತ್ತು ಮಾಡಿ ಉಣಿಸುವುದು ನಮ್ಮಲ್ಲಿ ಪದ್ಧತಿ. ಅವ್ವ ಎರಡು ದಿನ ಬಡಿದಿದ್ದ ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಮಡಿಕೆಕಾಳು, ಮೆಂತ್ಯದ ಸೊಪ್ಪು, ಸೌತೆ, ಗಜ್ಜರಿಯ ಕೋಸಂಬರಿ, ಕೆನೆಮೊಸರು, ಶೇಂಗಾ ಹೋಳಿಗೆ. ನನಗೆ ಕ್ಯಾಂಟೀನಿನ ಆ ಚಿತ್ರಪಟದ ತಟ್ಟೆ ನೆನಪಾಯಿತು. ಅದರಲ್ಲಿದ್ದದ್ದೆಲ್ಲ ಇಲ್ಲಿತ್ತು. ಅಕ್ಕ ಒಬ್ಬೊಬ್ಬರ ತುತ್ತನ್ನೂ ನಿಧಾನವಾಗಿ ಅಗಿದು ಅಗಿದು ತಿಂದಳು. ಯಾವ ಗಂಟೆಯೂ ಹೊಡೆಯಲಿಲ್ಲ. ಅವಳ ಕೈಯ ಹಸಿರು ಬಳೆಯ ಕೆಳಗೆ ಚರ್ಮ ಹೇಗೆ ಬಿಳಿಚಿತ್ತೆಂದರೆ, ನಾನು ಆ ಕಡೆ ನೋಡಬಾರದೆಂದು ಹೋಳಿಗೆ ಬಡಿಸುವ ನೆಪದಲ್ಲಿ ಎದ್ದೆ.

ನಿಂಬೆಹಣ್ಣಿನ ನೀರಿನಲ್ಲಿ ಮಾತ್ರೆ, ದಿನಕ್ಕೆ ಮೂರು ಹೊತ್ತು ಅವ್ವನ ಕೈಯ ಊಟ. ಅಕ್ಕನ ತುಟಿಗೆ ಸ್ವಲ್ಪ ಬಣ್ಣ ಬಂದಂತೆ ಕಂಡಿತು, ಅಥವಾ ನಮಗೆ ಹಾಗೆ ಕಾಣಬೇಕಿತ್ತು. ಆದರೆ ನಾಲ್ಕು ವರ್ಷದಲ್ಲಿ ಬರಿದಾದದ್ದು ಕೆಲವು ವಾರದಲ್ಲಿ ತುಂಬುತ್ತದೆಯೇ? ಎಂಟನೆಯ ತಿಂಗಳು ತುಂಬುವ ಮೊದಲೇ ಒಂದು ಮಧ್ಯಾಹ್ನ ಅವಳಿಗೆ ನೋವು ಶುರುವಾಯಿತು, ನೋವಿನ ಜೊತೆಗೇ ರಕ್ತಸ್ರಾವ. ಭಾವನಿಗೆ ಸುದ್ದಿ ಹೋಯಿತು, ನನಗೆ ಸುದ್ದಿ ಬಂತು. ಅವ್ವನೂ ಮಾಲೀಕರ ಹೆಂಡತಿಯೂ ಅವಳನ್ನು ಆಟೋದಲ್ಲಿ ದೊಡ್ಡಾಸ್ಪತ್ರೆಗೆ ಒಯ್ದರು.

ಅಲ್ಲಿ ರಕ್ತ ಬೇಕೆಂದರು. ಇದ್ದ ಬಾಟಲಿ ಕೊಡುತ್ತೇವೆ, ನೀವೂ ಜನ ಕರೆಸಿ ಎಂದರು. ಭಾವನ ಫ್ಯಾಕ್ಟರಿಯಿಂದ ಮೂರು ಜನ ಗಂಡಸರು ಬಣ್ಣ ಮೆತ್ತಿದ ಬಟ್ಟೆಯಲ್ಲೇ ಓಡಿಬಂದರು. ನಮ್ಮ ಲೈನಿನಿಂದಲೂ ಬಂದರು, ಅರ್ಧ ದಿನ ರಜೆ ಬರೆಸಿ, ಸೂಪರ್‌ವೈಸರನ ಬೈಗುಳ ತಿಂದು. ಅವತ್ತು "ಈಗ್ಲಾದ್ರೂ ಉಣ್ಬೋದಾ" ಎಂದು ಕೇಳಿದ್ದವಳೂ ಬಂದಿದ್ದಳು. ತೋಳು ಮೇಲೇರಿಸಿಕೊಂಡು ಸಾಲಾಗಿ ಕೂತೆವು ನಾವು ಆರು ಜನ. ಒಬ್ಬ ಹುಡುಗಿ ಬಂದು ಒಬ್ಬೊಬ್ಬರ ಬೆರಳು ಚುಚ್ಚಿ ನೋಡಿದಳು. ಮೊದಲನೆಯವಳದು ಆಗುವುದಿಲ್ಲ ಅಂದಳು. ಎರಡನೆಯವಳದು ಆಗುವುದಿಲ್ಲ. ನನ್ನದು ಆಗುವುದಿಲ್ಲ. ಆರು ಜನರಲ್ಲಿ ಒಬ್ಬಳದೂ ಆಗಲಿಲ್ಲ.

"ನಿಮಗೇ ಸಾಲ್ದಲ್ಲ ಅಕ್ಕ, ಇನ್ನೊಬ್ರಿಗೆ ಹೆಂಗ್ ಕೊಡ್ತೀರಾ?" ಎಂದಳು ಆ ಹುಡುಗಿ. ಬೈದದ್ದಲ್ಲ, ಮರುಕದಿಂದಲೇ ಹೇಳಿದಳು.

ನನ್ನ ಜನ್ಮದಲ್ಲಿ ಅಷ್ಟು ಅವಮಾನ, ಅಷ್ಟು ಸಂಕಟ ನಾನು ಪಟ್ಟದ್ದಿಲ್ಲ. ಒಡಹುಟ್ಟಿದವಳು ಒಳಗೆ ರಕ್ತವಿಲ್ಲದೆ ಬಿದ್ದಿದ್ದಾಳೆ, ನನ್ನ ಮೈಯಲ್ಲಿ ಅವಳಿಗೆ ಕೊಡುವಷ್ಟು ಇಲ್ಲ. ಜಗತ್ತಿಗೆಲ್ಲ ಅಂಗಿ ಹೊಲಿದುಕೊಟ್ಟ ಆರು ಹೆಂಗಸರು ಆ ಬೆಂಚಿನ ಮೇಲೆ, ಚುಚ್ಚಿದ ಬೆರಳಿಗೆ ಹತ್ತಿ ಒತ್ತಿಕೊಂಡು, ಯಾರ ಮುಖ ಯಾರೂ ನೋಡದೆ ಕೂತಿದ್ದೆವು. ಗಂಡಸರದನ್ನು ತೆಗೆದುಕೊಂಡರು.

ಹೆಣ್ಣುಮಗು. ಅಂಗೈ ಎರಡು ಜೋಡಿಸಿದರೆ ಅದರಲ್ಲಿ ಮಲಗುವಷ್ಟು. ಸಂಜೆಯವರೆಗೆ ಉಸಿರಾಡಿತು. ಅಕ್ಕನಿಗೆ ರಕ್ತ ನಿಲ್ಲಲಿಲ್ಲ. ಜೀವ ಉಳಿಯಬೇಕೆಂದರೆ ಗರ್ಭಕೋಶ ತೆಗೆಯಲೇಬೇಕು ಎಂದು ಭಾವನ ಸಹಿ ಹಾಕಿಸಿಕೊಂಡರು. ಅಲ್ಲಿಯವರು ತಮ್ಮ ಕೈಲಾದದ್ದೆಲ್ಲ ಮಾಡಿದರು, ಅದನ್ನು ನಾನು ಕಣ್ಣಾರೆ ಕಂಡೆ. ಅಕ್ಕ ಉಳಿದಳು. ಎಚ್ಚರವಾದಾಗ ಅವಳು ಕೇಳಿದ್ದು ಮಗುವನ್ನು. ಹೇಳಬೇಕಾದವಳು ಅವ್ವ; ಅವಳು ನನ್ನನ್ನು ಮುಂದೆ ತಳ್ಳಿದಳು. ನಾನು ಹೇಳಿದೆ, ಎರಡನ್ನೂ ಹೇಳಿದೆ. ಅಕ್ಕ ಮುಖವನ್ನು ಗೋಡೆಯ ಕಡೆ ತಿರುಗಿಸಿದಳು. ಬೋರಾಡಿ ಅತ್ತಿದ್ದರೆ ಚೆನ್ನಾಗಿತ್ತು.

ಕೋಣೆಗೆ ಬಂದ ಮೇಲೆ ಅವ್ವ ಬಾಣಂತನ ಮಾಡಿದಳು. ತೊಟ್ಟಿಲಿಲ್ಲದ ಬಾಣಂತನ. "ಕೂಸು ಇಲ್ಲಂದ್ರೂ ಹಡದಾಕಿ ಹಡದಾಕೀನ. ಮೈ ಗಟ್ಟಿ ಆಗಬೇಕು" ಎಂದು ಹಟ ಹಿಡಿದಳು. ಹೊತ್ತು ಹೊತ್ತಿಗೆ ಬಿಸಿ ರೊಟ್ಟಿ, ಸಬ್ಬಸಿಗೆ ಸೊಪ್ಪು, ಬೆಳ್ಳುಳ್ಳಿ, ಹೆಸರುಬೇಳೆ, ಹಾಲು, ಕೊಬ್ಬರಿ ಉತ್ತತ್ತಿ ಹಾಕಿದ ಅಂಟಿನುಂಡೆ. ಅಕ್ಕ ಬೇಡವೆನ್ನಲಿಲ್ಲ, ಬೇಕೆನ್ನಲಿಲ್ಲ. ಇಟ್ಟದ್ದನ್ನು ತಿಂದಳು. ಎದೆಯಲ್ಲಿ ಹಾಲು ಬಂತು. ಅಷ್ಟೂ ರಕ್ತ ಹರಿದುಹೋದ ಮೈಯಲ್ಲಿ ಹಾಲು ಎಲ್ಲಿತ್ತೋ! ಅವಳು ಬಚ್ಚಲಿಗೆ ಹೋಗಿ ಅದನ್ನು ಹಿಂಡಿ ಚೆಲ್ಲಿ ಬರುತ್ತಿದ್ದಳು. ಒಳಗಿನಿಂದ ನೀರು ಬಿಟ್ಟ ಸದ್ದು ಕೇಳುವವರೆಗೆ ಅವ್ವ ಒಲೆಯ ಮುಂದಿನಿಂದ ಏಳುತ್ತಿರಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುತ್ತಾರಲ್ಲ, ನಮ್ಮ ಒಲೆ ಹಾಗೆ ಉರಿಯಿತು. ಬೆಂಗಳೂರಿಗೆ ಬಂದ ಮೇಲೆ ಅಕ್ಕ ಮೂರು ಹೊತ್ತು ಕೂತು ಉಂಡದ್ದು ಆ ದಿನಗಳಲ್ಲಿ ಮಾತ್ರ. ಅವಳ ಕೆನ್ನೆ ತುಂಬಿತು. ಪಾದದ ಊತ ಇಳಿಯಿತು. ಉದುರುತ್ತಿದ್ದ ಕೂದಲು ನಿಂತಿತು. ಸುಣ್ಣದ ಆಸೆ ತಾನೇ ಬಿಟ್ಟುಹೋಯಿತು. ಊಟದ ಗುಣವನ್ನು ಆ ಭಾಷಣದ ಮೇಡಂ ಹೇಳಿದ್ದರಲ್ಲ, ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

ಅವ್ವ ಊರಿಗೆ ಹೋಗುವ ಮುಂಚೆ ಪೀಣ್ಯದ ಕ್ಲಿನಿಕ್ಕಿನಲ್ಲಿ ಅಕ್ಕನ ರಕ್ತ ಪರೀಕ್ಷೆ ಮಾಡಿಸಿದೆವು. ಡಾಕ್ಟರಮ್ಮನಿಗೆ ಎಲ್ಲ ಗೊತ್ತಿತ್ತು, ನಾನೇ ಬಂದು ಹೇಳಿದ್ದೆ. ಅವರು ಕಾಗದವನ್ನು ಎರಡು ಸಲ ಓದಿ ಅಕ್ಕನ ಕಡೆ ತಳ್ಳಿದರು.

"ರಕ್ತ ಚೆನ್ನಾಗಿ ಏರಿದೆಯಮ್ಮ. ಏನೂ ತೊಂದರೆ ಇಲ್ಲ ಈಗ" ಅಂದರು.

ಅಕ್ಕ ಕಾಗದ ಮುಟ್ಟಲಿಲ್ಲ. ಕೈ ಮಡಿಲಲ್ಲಿಟ್ಟುಕೊಂಡು ಕೇಳಿದಳು: "ಇಷ್ಟಿದ್ದಿದ್ರ ಸಾಕಾಗತಿತ್ತೇನ್ರಿ ಮೇಡಂ, ಆ ಕೂಸಿಗೆ?"

ಡಾಕ್ಟರಮ್ಮ ನನ್ನ ಮುಖ ನೋಡಿದರು. ಸುಳ್ಳು ಹೇಳಲಿ ಎಂದು ನಾನು ಒಳಗೊಳಗೇ ಬೇಡಿಕೊಂಡೆ.

"ಸಾಕಾಗ್ತಿತ್ತಮ್ಮ" ಅಂದರು.

"ಹೌದ್ರಿ?" ಎಂದು ಅಕ್ಕ ಎದ್ದು, ಸೆರಗು ಸರಿಮಾಡಿಕೊಂಡು, ಮುಂದಿನವರಿಗೆ ಕುರ್ಚಿ ಬಿಟ್ಟುಕೊಟ್ಟಳು.